ಗೇಣಿಚೀಟಿಯೂ ಹಳೆಯ ಹೊತ್ತಗೆಗಳೂ

ನಮ್ಮ ಇಗರ್ಜಿಗೆ ನೂರು ವರ್ಷ ತುಂಬುವ ಈ ಶುಭಾವಸರದಲ್ಲಿ ಸ್ಮರಣ ಸಂಚಿಕೆಗಾಗಿ ಅದರ ಚರಿತ್ರೆಯನ್ನು ಬರೆದುಕೊಡಬೇಕೆಂದು ವಂದನೀಯ ಧರ್ಮಗುರುಗಳು ಅಪ್ಪಣೆ ಮಾಡಿದಾಗ, ಅದು ಹೆಚ್ಚೆಂದರೆ ಒಂದು ಮಳೆಗಾಲದ ಕೆಲಸವೆಂದು ನಾವು ಭಾವಿಸಿದ್ದೆವು. ಸೇವೆ ಸಲ್ಲಿಸಿದ ಗುರುಗಳ ಪಟ್ಟಿ, ಅಡಿಗಲ್ಲಿಟ್ಟ ದಿನ, ಗಂಟೆಗೋಪುರ, ಶಾಲೆ, ವಾರ್ಷಿಕ ಹಬ್ಬ, ಊರಿನ ಹಿರಿಯ ಮನೆತನಗಳು, ಇವನ್ನು ಕ್ರಮವಾಗಿ ಜೋಡಿಸಿದರೆ ಚರಿತ್ರೆ ಸಿದ್ಧವಾಯಿತು ಎಂಬುದು ನಮ್ಮ ಎಣಿಕೆ. ಆದರೆ ಈ ಕೆಲಸ ನಾಲ್ಕು ಮಳೆಗಾಲಗಳನ್ನು ನುಂಗಿತು. ನಮ್ಮಲ್ಲೊಬ್ಬರ ಮನೆಯ ಚಾವಡಿ ಹಳೆಯ ಪುಸ್ತಕಗಳಿಂದ ತುಂಬಿ, ಮನೆಯೊಡತಿಯ ಸಹನೆಯೂ ಪರೀಕ್ಷೆಗೊಳಗಾಯಿತು. ಇಗರ್ಜಿಯ ಚರಿತ್ರೆ ಬರೆಯಹೊರಟವರು ಮಂಗಳೂರಿನ ಭೂಮಿಯ ಚರಿತ್ರೆಯೊಳಗೆ ಹೇಗೆ ಸಿಲುಕಿಕೊಂಡೆವೆಂಬುದನ್ನು ಓದುಗ ಬಂಧುಗಳ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ.

ಸಾಕ್ರಿಸ್ತಿಯ ಮೂಲೆಯಲ್ಲಿ ಹಲಸಿನ ಮರದ ಒಂದು ಪೆಟ್ಟಿಗೆ ಇದೆ. ಜ್ಞಾನಸ್ನಾನ, ಮದುವೆ, ಮರಣಗಳ ದಫ್ತರುಗಳ ಅಡಿಯಲ್ಲಿ, ಐದನೆಯ ಜಾರ್ಜ್ ದೊರೆಯ ಮುಖಮುದ್ರೆಯುಳ್ಳ ಛಾಪಾಕಾಗದದ ಮೇಲೆ ಬರೆದ ಒಂದು ಪತ್ರವೂ, ಅದಕ್ಕೆ ಹೊಲಿದಿದ್ದ ಬಿಳಿಯ ಹಾಳೆಯ ಒಂದು ಕರಾರೂ ನಮಗೆ ದೊರೆತವು. ಎರಡೂ ಕನ್ನಡ ಬರಹಗಳು. ದೇವಾಲಯದ ಮುಂಬಾಗಿಲ ಬಳಿಯಿರುವ ಶಿಲಾಫಲಕವು ಈ ಸ್ಥಳ ನಮ್ಮ ಊರಿನ ಒಂದು ಕ್ರೈಸ್ತ ಮನೆತನದ ದಾನವೆಂದು ಹೇಳುತ್ತದೆ. ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೂ ಅದನ್ನೇ. ಪತ್ರದಲ್ಲಿಯೂ ದಾನದ ಮಾತಿದೆ, ಅದು ಸುಳ್ಳಲ್ಲ. ಆದರೆ ದಾನವಾಗಿ ಕೊಟ್ಟದ್ದು ಭೂಮಿಯನ್ನಲ್ಲ, ಆ ಭೂಮಿಯ ಮೇಲಿನ ಮೂಲಗೇಣಿ ಹಕ್ಕನ್ನು. ವರ್ಷಂಪ್ರತಿ ಇಷ್ಟು ಮುಡಿ ಅಕ್ಕಿಯ ಗೇಣಿಯನ್ನು ಮೂಲವರ್ಗದಾರರಿಗೆ ಇಗರ್ಜಿಯೇ ಸಲ್ಲಿಸತಕ್ಕದ್ದೆಂದು ಸ್ಪಷ್ಟವಾಗಿ ಬರೆದಿದೆ. ಆ ಮೂಲವರ್ಗದಾರರು ನಮ್ಮ ಧರ್ಮದವರಲ್ಲ, ನೆರೆಯ ಗುತ್ತಿನ ಮನೆಯವರು. ಹೊಲಿದಿದ್ದ ಕರಾರಿನ ಕೊನೆಯ ನಾಲ್ಕೈದು ಸಾಲುಗಳನ್ನು ಹುಳು ತಿಂದಿತ್ತು. 'ಕಾಲುದಾರಿ' ಎಂಬ ಒಂದು ಪದ ಮಾತ್ರ ಉಳಿದಿತ್ತು.

ಈ ಪತ್ರವನ್ನು ಹಿರಿಯರಿಗೆ ತೋರಿಸಿದೆವು. ಮೂಲಗೇಣಿಯೆಂದರೇನು, ವರ್ಗವೆಂದರೇನು, ಶಿಸ್ತು, ಶಾಮಿಲು ಎಂದರೇನು ಎಂಬುದನ್ನು ಬಿಡಿಸಿ ಹೇಳಬಲ್ಲವರು ಸಿಗಲಿಲ್ಲ. ಒಬ್ಬ ವಯೋವೃದ್ಧ ವಕೀಲರು ಮಾತ್ರ, "ನೀವು ಸ್ಟರಕ್‌ನನ್ನು ಓದದೆ ಈ ಪತ್ರವನ್ನು ಓದಲಾರಿರಿ," ಎಂದರು. ಅಲ್ಲಿಂದ ನಮ್ಮ ಪುಸ್ತಕ ಸಂಗ್ರಹ ಆರಂಭವಾಯಿತು.

ಸ್ಟರಕ್ ಎಂಬಾತ ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದವನು. ಮದರಾಸು ಸರ್ಕಾರವು ಪ್ರಕಟಿಸಿದ ಜಿಲ್ಲಾ ಕೈಪಿಡಿಗಳ ಮಾಲೆಯಲ್ಲಿ ದಕ್ಷಿಣ ಕನ್ನಡದ ಮೊದಲನೆಯ ಸಂಪುಟವನ್ನು ಅವನು 1894ರಲ್ಲಿ ಹೊರತಂದನು. ಎರಡನೆಯ ಸಂಪುಟ ಹೆರಾಲ್ಡ್ ಸ್ಟುವರ್ಟ್‌ನದು, 1895ರದು. ಈ ಜೋಡಿ ಸಂಪುಟಗಳು ಒಂದು ಕಾಲಕ್ಕೆ ಮಂಗಳೂರಿನ ಪ್ರತಿ ವಕೀಲರ ಕಚೇರಿಯಲ್ಲಿ ಇದ್ದಿರಬೇಕು. ಗೇಣಿಯ ವ್ಯಾಜ್ಯ, ಕುಮ್ಕಿಯ ವ್ಯಾಜ್ಯ ಯಾವುದು ಬಂದರೂ ಇದರ ಪುಟ ತಿರುವದೆ ವಾದ ಮುಂದುವರಿಯುತ್ತಿರಲಿಲ್ಲ. ಆದಕಾರಣ ಇಂಥ ಪುಸ್ತಕಗಳನ್ನು ಅರಸುವವರು ಮೊದಲು ಹೋಗಬೇಕಾದದ್ದು ಗ್ರಂಥದಂಗಡಿಗಲ್ಲ, ಹಳೆಯ ವಕೀಲರ ಮನೆಯ ಅಟ್ಟಕ್ಕೆ ಎಂಬುದನ್ನು ನಾವು ತಡವಾಗಿ ಕಲಿತೆವು. ಒಂದು ಮನೆಗೆ ಹೋದಾಗ, ಅಜ್ಜನ ಕಪಾಟು ಖಾಲಿಯಾಗಿ ಮೂರು ವಾರಗಳಾಗಿದ್ದವು. ಗುಜರಿಯವನು ತಕ್ಕಡಿಯಲ್ಲಿ ತೂಗಿ ಕೊಂಡುಹೋಗಿದ್ದನು. ಮನೆಯವರಲ್ಲಿ ತಪ್ಪೆಣಿಸಲಾಗದು. ಇಂಗ್ಲಿಷಿನ ದಪ್ಪ ಪುಸ್ತಕಗಳು, ಗೆದ್ದಲು ಹಿಡಿದ ಬೆನ್ನು, ಓದುವ ಮಕ್ಕಳು ದುಬಾಯಿಯಲ್ಲಿ. ನಮಗೆ ಕೊನೆಗೆ ದೊರೆತ ಸ್ಟರಕ್ ಮತ್ತೊಂದು ಮನೆಯದು. ಅದರ ರಟ್ಟು ಕಳಚಿತ್ತು, ಕೊನೆಯ ಪುಟಗಳು ಇರಲಿಲ್ಲ. ಆದರೆ ಭೂಹಿಡುವಳಿಯ ಅಧ್ಯಾಯದ ಅಂಚುಗಳಲ್ಲೆಲ್ಲ ನೀಲಿ ಶಾಯಿಯ ಕನ್ನಡ ಟಿಪ್ಪಣಿಗಳಿದ್ದವು. ಯಾರೋ ಒಬ್ಬ ವಕೀಲರು ಆಯುಷ್ಯದುದ್ದಕ್ಕೂ ಅದರೊಡನೆ ವಾದಿಸಿದ್ದರು. ಹೊಸ ಪ್ರತಿ ಸಿಕ್ಕಿದ್ದರೆ ಆ ಟಿಪ್ಪಣಿಗಳು ನಮಗೆ ಸಿಗುತ್ತಿರಲಿಲ್ಲ.

ಇಂದು ಈ ಪುಸ್ತಕಗಳಲ್ಲಿ ಹೆಚ್ಚಿನವುಗಳ ಛಾಯಾಪ್ರತಿಗಳನ್ನು ಗಣಕಯಂತ್ರದಲ್ಲಿ ಬಿಟ್ಟಿಯಾಗಿ ನೋಡಬಹುದು, ಹೀಗಿರುವಾಗ ಹಳೆಯ ಪ್ರತಿಗಳಿಗಾಗಿ ಇಷ್ಟು ಪಾಡೇಕೆ ಎಂದು ನಮ್ಮ ಯುವಕ ಮಿತ್ರರು ಕೇಳಿದ್ದುಂಟು. ಪ್ರಶ್ನೆ ನ್ಯಾಯವಾದುದೇ. ನಾವೂ ಆ ಛಾಯಾಪ್ರತಿಗಳನ್ನು ಬಳಸಿದ್ದೇವೆ. ಆದರೆ ಅವುಗಳಲ್ಲಿ ಮಡಿಸಿದ ನಕ್ಷೆಗಳನ್ನು ಬಿಚ್ಚದೆಯೇ ಚಿತ್ರ ತೆಗೆದಿರುವುದು ಪದೇ ಪದೇ ಕಾಣುತ್ತದೆ. ಬೇಕಾದ ಊರು ಮಡಿಕೆಯ ಒಳಗಡೆ ಉಳಿದುಹೋಗಿರುತ್ತದೆ. ಅಂಚಿನ ಟಿಪ್ಪಣಿಗಳಂತೂ ಪ್ರತಿಯಿಂದ ಪ್ರತಿಗೆ ಬೇರೆ. ಭೂಮಿಯ ಚರಿತ್ರೆಯಲ್ಲಿ ಅಚ್ಚಾದ ಮಾತಿನಷ್ಟೇ ಅದರ ಪಕ್ಕದಲ್ಲಿ ಬರೆದ "ಹೀಗಲ್ಲ" ಎಂಬ ಮಾತಿಗೂ ಬೆಲೆಯಿದೆ.

ಸ್ಟರಕ್‌ನನ್ನು ಓದಿದ ಮೇಲೆ ಅವನ ಹಿಂದಿನವರನ್ನು ಓದದೆ ನಿರ್ವಾಹವಿರಲಿಲ್ಲ. ಕ್ರಿ.ಶ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನನು ಮಡಿದ ತರುವಾಯ ಕೆನರಾ ಪ್ರಾಂತವು ಈಸ್ಟ್ ಇಂಡಿಯಾ ಕಂಪೆನಿಯ ವಶವಾಯಿತು. ಅದರ ಮೊದಲನೆಯ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಅವನಿಗೆ ನಮ್ಮ ನಾಡು ಹಿಡಿಸಲಿಲ್ಲ. ನಮ್ಮ ಮಳೆಯನ್ನೂ ಗುಡ್ಡಗಾಡನ್ನೂ ಕುರಿತು ಅವನು ಪತ್ರಗಳಲ್ಲಿ ಗೊಣಗಿದ್ದಾನೆ. 1800ರಲ್ಲಿಯೇ ವರ್ಗ ಮಾಡಿಸಿಕೊಂಡು ಬಳ್ಳಾರಿ, ಕಡಪೆಗಳ ಕಡೆಗೆ ಹೊರಟುಹೋದನು. ಆದರೆ ಹೋಗುವ ಮುಂಚೆ, ಅದೇ ವರ್ಷ ಮೇ 31ರಂದು, ಕೆನರಾದ ಭೂಮಿ ಮತ್ತು ತೀರ್ವೆಗಳ ಬಗ್ಗೆ ಅವನು ಬರೆದು ಕಳುಹಿಸಿದ ವರದಿಯು ಇಂದಿಗೂ ಈ ವಿಷಯದ ಹೆಬ್ಬಾಗಿಲಾಗಿದೆ. ಗ್ಲೀಗ್ ಎಂಬವನು 1830ರಲ್ಲಿ ಹೊರತಂದ ಮನ್ರೋ ಚರಿತ್ರೆಯ ಸಂಪುಟಗಳಲ್ಲಿ ಅವನ ಪತ್ರಗಳಿವೆ. ಅಲೆಕ್ಸಾಂಡರ್ ಆರ್ಬತ್‌ನಾಟ್ 1881ರಲ್ಲಿ ಎರಡು ಸಂಪುಟಗಳಾಗಿ ಆರಿಸಿ ಪ್ರಕಟಿಸಿದ ಮನ್ರೋ ಟಿಪ್ಪಣಿಗಳಲ್ಲಿ ವರದಿ ಇದೆ.

ಈ ವರದಿಯಲ್ಲಿ ಮನ್ರೋ ಹೇಳುವ ಮುಖ್ಯ ಮಾತೆಂದರೆ, ಕೆನರಾದಲ್ಲಿ ಭೂಮಿಯು ಅರಸನ ಸೊತ್ತಲ್ಲ, ಒಕ್ಕಲಿನ ಖಾಸಗಿ ಸೊತ್ತು. ಅದನ್ನು ಮಾರುವುದು, ಅಡವಿಡುವುದು, ಮಕ್ಕಳಿಗೆ ಬಿಡುವುದು ಬಹು ಹಿಂದಿನಿಂದ ನಡೆದುಬಂದಿದೆ ಎಂಬುದು. ಹಿಂದುಸ್ಥಾನದಲ್ಲಿ ನೆಲವೆಲ್ಲ ದೊರೆಯದೆಂದು ನಂಬಿದ್ದ ಅಂದಿನ ಅಧಿಕಾರಿಗಳಿಗೆ ಇದು ಆಶ್ಚರ್ಯದ ಮಾತಾಗಿತ್ತು. ಹಳೆಯ ತೀರ್ವೆಯ ಲೆಕ್ಕವನ್ನೂ ಅವನು ಕೊಡುತ್ತಾನೆ. ವಿಜಯನಗರದ ಹರಿಹರರಾಯನ ಕಾಲದ್ದೆಂದು ಅವನು ನಂಬಿದ ಆ ಲೆಕ್ಕದಂತೆ, ಮೂವತ್ತು ಅಳತೆಯ ಬೆಳೆಯಲ್ಲಿ ಹದಿನೈದು ಸಾಗುವಳಿ ಮಾಡಿದವನಿಗೆ, ಏಳೂವರೆ ಭೂಮಿಯ ಒಡೆಯನಿಗೆ, ಮಿಕ್ಕ ಏಳೂವರೆಯಲ್ಲಿ ಐದು ಅರಮನೆಗೆ, ಒಂದು ಬ್ರಾಹ್ಮಣರಿಗೆ, ಒಂದೂವರೆ ದೇವಸ್ಥಾನಗಳಿಗೆ. ಆ ಮೇಲೆ ಇಕ್ಕೇರಿಯ ಅರಸರ ಕಾಲದ ಶಿಸ್ತು ಬಂದಿತು. ಶಿಸ್ತಿನ ಶಿವಪ್ಪನಾಯಕನೆಂಬ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು. ಹೈದರಲಿ, ಟಿಪ್ಪುಗಳ ಕಾಲದಲ್ಲಿ ಶಿಸ್ತಿನ ಮೇಲೆ ಹೇರಿದ ಹೆಚ್ಚುವರಿಗೆ ಶಾಮಿಲು ಎಂಬ ಹೆಸರಾಯಿತು. ಭಾರ ತಾಳಲಾರದೆ ಎಷ್ಟೋ ವರ್ಗಗಳು ಬೀಳುಬಿದ್ದುದನ್ನು ಮನ್ರೋ ಕಂಡನು. ತೀರ್ವೆಯನ್ನು ಹಗುರಗೊಳಿಸಬೇಕೆಂಬುದು ಅವನ ಸಲಹೆಯಾಗಿತ್ತು.

ಇಲ್ಲಿ ನಮಗೆ ಹೆಚ್ಚಿನದಾಗಿ ತೋರಿದ ಒಂದು ವಿಷಯವನ್ನು ಹೇಳಲೇಬೇಕು. ಮನ್ರೋಗೆ ಈ ಲೆಕ್ಕಗಳು ಎಲ್ಲಿಂದ ದೊರೆತವು? ಊರಿನ ಶಾನುಭೋಗರ ಮನೆಗಳಿಂದ. ಇದ್ದಿಲ ಕಪ್ಪು ಬಳಿದು ಗಟ್ಟಿ ಮಾಡಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆದಿಡುತ್ತಿದ್ದ ಕಡತಗಳಲ್ಲಿ ತಲೆಮಾರುಗಳ ಭೂಮಿಯ ಲೆಕ್ಕ ಕನ್ನಡದಲ್ಲಿ ಇತ್ತು. ಕಲೆಕ್ಟರ್ ಬರೆದದ್ದು ಅದರ ಸಾರಾಂಶವನ್ನು. ಇಂದು ಆ ಕಡತಗಳಲ್ಲಿ ಬಹುಪಾಲು ಹಾಳಾಗಿಹೋಗಿವೆ, ಲಂಡನ್ನಿನಲ್ಲಿಯೂ ಮದರಾಸಿನಲ್ಲಿಯೂ ಅಚ್ಚಾದ ಸಾರಾಂಶ ಉಳಿದಿದೆ. ಹೀಗಾಗಿ ನಮ್ಮ ಊರಿನ ಶಾನುಭೋಗನು ಬರೆದುದನ್ನು ಓದಲು ನಾವು ಪರದೇಶದ ಅಧಿಕಾರಿಯ ಇಂಗ್ಲಿಷನ್ನು ಕೊಂಡುಕೊಳ್ಳಬೇಕಾಗಿದೆ. ಆ ಇಂಗ್ಲಿಷಿನಲ್ಲಿ ನಮ್ಮ ಪದಗಳು ಗುರುತೇ ಸಿಗದಷ್ಟು ವಿಕಾರವಾಗಿವೆ. ಮೂಲಗೇಣಿ, ಚಾಲಗೇಣಿಗಳ ಕಾಗುಣಿತ ಒಂದೊಂದು ವರದಿಯಲ್ಲಿ ಒಂದೊಂದು ಬಗೆ. ಅವನ್ನು ಮತ್ತೆ ಕನ್ನಡಕ್ಕೆ ತರಲು ನಮಗೆ ನೆರವಾದದ್ದು, ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿಯೇ ಪ್ರಕಟಿಸಿದ ಕಿಟ್ಟೆಲರ ನಿಘಂಟು. ಅದೂ 1894ರದೇ, ಸ್ಟರಕ್‌ನ ಕೈಪಿಡಿ ಹೊರಬಂದ ವರ್ಷದ್ದೇ. ಎರಡನ್ನೂ ಒಂದೇ ಮೇಜಿನ ಮೇಲೆ ಬಿಡಿಸಿಟ್ಟುಕೊಂಡು ಕಳೆದ ಸಂಜೆಗಳು ನಮಗೆ ಮರೆಯುವಂಥವಲ್ಲ.

ಮನ್ರೋನ ಬೆನ್ನಿಗೇ ಬಂದವನು ವೈದ್ಯ ಫ್ರಾನ್ಸಿಸ್ ಬುಕಾನನ್. ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮೈಸೂರು, ಮಲಬಾರು, ಕೆನರಾಗಳನ್ನು ಸುತ್ತಿದ ಅವನು 1801ರ ಆರಂಭದಲ್ಲಿ ನಮ್ಮ ಜಿಲ್ಲೆಯಲ್ಲಿದ್ದನು. ಅವನ ಪ್ರವಾಸ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಮೂರು ದೊಡ್ಡ ಸಂಪುಟಗಳಲ್ಲಿ ಪ್ರಕಟವಾಯಿತು. ಮದರಾಸಿನ ಹಿಗ್ಗಿನ್‌ಬಾಥಮ್ಸ್ ಸಂಸ್ಥೆಯವರು 1870ರಲ್ಲಿ ಅದನ್ನು ಎರಡು ಸಂಪುಟಗಳಲ್ಲಿ ಪುನಃ ಅಚ್ಚು ಹಾಕಿದರು. 1807ರ ಮೂಲ ಸಂಪುಟಗಳ ಬೆಲೆ ನಮ್ಮಂಥವರ ಕೈಗೆ ಎಟಕುವಂಥದಲ್ಲ. ಬೆಂಗಳೂರಿನ ಒಬ್ಬ ವ್ಯಾಪಾರಿಯ ಬಳಿ ಒಮ್ಮೆ ಕೈಯಲ್ಲಿ ಹಿಡಿದು ನೋಡಿ, ಬೆಲೆ ಕೇಳಿ, ಮೆಲ್ಲನೆ ಕೆಳಗಿಟ್ಟು ಬಂದೆವು. ಕಡೆಗೆ ದೊರೆತದ್ದು 1870ರ ಮುದ್ರಣದ ಎರಡನೆಯ ಸಂಪುಟ ಮಾತ್ರ, ಅದೂ ಕರಾವಳಿಯ ಬೂಷ್ಟು ಹಿಡಿದ ವಾಸನೆಯೊಂದಿಗೆ. ಬೈಲು, ಮಜಲು, ಬೆಟ್ಟು ಗದ್ದೆಗಳ ಮಾತು, ಬೆಳೆಯ ಮಾತು, ಕೂಲಿಯ ಮಾತು ಬುಕಾನನ್‌ನಲ್ಲಿ ಬಹಳ. ಹೋದಲ್ಲೆಲ್ಲ ಕಂಡದ್ದನ್ನೂ ಕೇಳಿದ್ದನ್ನೂ ಗುರುತು ಹಾಕಿಕೊಳ್ಳುವ ಸ್ವಭಾವದವನು.

ನಮ್ಮ ಜನಾಂಗದ ವಿಷಯವಾಗಿಯೂ ಅವನು ಬರೆದಿದ್ದಾನೆ. ಇಕ್ಕೇರಿಯ ಅರಸರು ಕ್ರೈಸ್ತರಿಗೆ ಆಶ್ರಯವಿತ್ತು ತುಳುನಾಡಿನಲ್ಲಿ ನೆಲೆಗೊಳಿಸಿದರೆಂದೂ, ಅವರ ಸಂಖ್ಯೆ 80,000 ಎಂದೂ, ಅವರು ಕೊಂಕಣದ ಮೂಲದವರಾಗಿ ತಮ್ಮ ಭಾಷೆ, ಉಡುಪು, ರೀತಿಗಳನ್ನು ಉಳಿಸಿಕೊಂಡಿದ್ದಾರೆಂದೂ ಹೇಳುತ್ತಾನೆ. ಸಂಖ್ಯೆಯನ್ನು ಹಾಗೆಯೇ ಒಪ್ಪಲು ನಮಗೆ ಧೈರ್ಯ ಸಾಲದು. 1784ರ ಸೆರೆಗೆ ಸಿಕ್ಕಿದವರ ಲೆಕ್ಕದಲ್ಲಿ ಗ್ರಂಥಕರ್ತರು ಒಬ್ಬರಿಗೊಬ್ಬರು ಬಹು ದೂರದಲ್ಲಿದ್ದಾರೆ. ಆದರೆ ಬುಕಾನನ್ ಕಂಡ ಕಾಲ ಯಾವುದೆಂಬುದನ್ನು ನೆನೆಯಬೇಕು. ಶ್ರೀರಂಗಪಟ್ಟಣದಿಂದ ಬಿಡುಗಡೆಯಾಗಿ ನಮ್ಮ ಪೂರ್ವಜರು ಮರಳಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಮಲಬಾರಿಗೆ ತಪ್ಪಿಸಿಕೊಂಡು ಹೋಗಿದ್ದವರು ಬಡತನದ ದೆಸೆಯಿಂದ ಅಷ್ಟಷ್ಟಾಗಿ ಊರು ಸೇರುತ್ತಲೇ ಇದ್ದರು. ಹದಿನೈದು ವರ್ಷಗಳಲ್ಲಿ ಅವರ ಗದ್ದೆ, ಹಿತ್ತಿಲುಗಳು ಬೇರೆಯವರ ಸಾಗುವಳಿಗೆ ಹೋಗಿದ್ದವು.

ಮನ್ರೋ ಸಾಹೇಬನು ಬಂದು ನಮ್ಮವರ ಭೂಮಿಯನ್ನೆಲ್ಲ ನಮ್ಮವರಿಗೆ ಮರಳಿಸಿದನೆಂಬ ಮಾತು ನಮ್ಮ ಮನೆಗಳಲ್ಲಿ ಪರಂಪರೆಯಿಂದ ಕೇಳಿಬರುತ್ತಿದೆ. ನಾವೂ ಚರಿತ್ರೆಯ ಮೊದಲ ಕರಡಿನಲ್ಲಿ ಹಾಗೆಯೇ ಬರೆದಿದ್ದೆವು. ಪುಸ್ತಕಗಳನ್ನು ಕೂಡಿಸಿ ಓದಿದ ಮೇಲೆ ಆ ವಾಕ್ಯವನ್ನು ಹೊಡೆದುಹಾಕಬೇಕಾಯಿತು. ಮನ್ರೋ ಇಲ್ಲಿದ್ದುದೇ ಒಂದು ವರ್ಷದ ಆಸುಪಾಸು. ಅವನ ತರುವಾಯ ಪ್ರಾಂತವು ಎರಡು ಭಾಗವಾಗಿ, ದಕ್ಷಿಣದ ಭಾಗ ರೇವನ್‌ಷಾ ಎಂಬ ಕಲೆಕ್ಟರನ ಕೈಗೂ ಉತ್ತರದ್ದು ಅಲೆಕ್ಸಾಂಡರ್ ರೀಡನ ಕೈಗೂ ಬಂದಿತು. ಈ ಅಧಿಕಾರಿಗಳು ಬರೆದುದರ ಧಾಟಿಯನ್ನು ನೋಡಿದರೆ ಅವರ ಮನಸ್ಸಿನ ಮೊದಲ ಪ್ರಶ್ನೆ ಈ ಭೂಮಿ ಯಾರಿಗೆ ಸೇರಬೇಕು ಎಂಬುದಲ್ಲ. ಇದರ ತೀರ್ವೆಯನ್ನು ಯಾರು ಕಟ್ಟುತ್ತಾರೆ ಎಂಬುದು. ಮರಳಿ ಬಂದವನ ಬಳಿ ನೆನಪಿತ್ತು, ಕಟ್ಟುತ್ತಿದ್ದವನ ಬಳಿ ರಶೀದಿಯಿತ್ತು. ಕೆಲವರಿಗೆ ದೊರೆಯಿತು, ಕೆಲವರು ಹಣಕೊಟ್ಟು ಬಿಡಿಸಿಕೊಂಡರು, ಕೆಲವರು ತಮ್ಮದೇ ಆಗಿದ್ದ ನೆಲದ ಪಕ್ಕದಲ್ಲಿ ಗೇಣಿ ಒಕ್ಕಲಾಗಿ ಕುಳಿತರು ಎಂದು ಹೇಳುವುದೇ ಸತ್ಯಕ್ಕೆ ಹತ್ತಿರವೆಂದು ನಮ್ಮ ತಿಳಿವಳಿಕೆ. ಯೇಸುಸಭೆಯ ಜಾನ್ ಮೂರ್ ಅವರು 1905ರಲ್ಲಿ ಕೊಡಿಯಾಲ್‌ಬೈಲ್ ಮುದ್ರಣಾಲಯದಿಂದ ಹೊರತಂದ ಮಂಗಳೂರು ಧರ್ಮಪ್ರಾಂತದ ಚರಿತ್ರೆ ನಮ್ಮ ಸಂಗ್ರಹದಲ್ಲಿ ಅತ್ಯಂತ ಪ್ರೀತಿಯ ಪುಸ್ತಕ. ಅದನ್ನು ಸ್ಟರಕ್‌ನ ಜೊತೆಯಲ್ಲಿಟ್ಟು ಓದಬೇಕು. ಒಂದರಲ್ಲಿ ನಮ್ಮವರ ಕಣ್ಣೀರಿದೆ, ನೆಲದ ಲೆಕ್ಕ ಕಡಿಮೆ. ಮತ್ತೊಂದರಲ್ಲಿ ನೆಲದ ಲೆಕ್ಕವಿದೆ.

ಪೋರ್ಚುಗೀಸರ ಕಾಲದ ಪುಸ್ತಕಗಳ ಬಗ್ಗೆ ಹೆಚ್ಚು ಹೇಳಲಾರೆವು, ಆ ಭಾಷೆ ನಮಗೆ ಬಾರದು. 1568ರಲ್ಲಿ ಅವರು ಮಂಗಳೂರಿನಲ್ಲಿ ಕೋಟೆ ಕಟ್ಟಿದುದೂ, ಇಕ್ಕೇರಿಯವರೊಂದಿಗೆ ಮಾಡಿಕೊಂಡ ಒಪ್ಪಂದಗಳೂ ಬಿಕರ್ ಎಂಬವರು 1881ರಿಂದ 1887ರ ತನಕ ಲಿಸ್ಬನ್ನಿನಲ್ಲಿ ಪ್ರಕಟಿಸಿದ ಒಪ್ಪಂದಗಳ ಸಂಪುಟಗಳಂಥ ಆಕರಗಳಿಂದ ತಿಳಿಯತಕ್ಕವು. 1623ರಲ್ಲಿ ಇಲ್ಲಿಗೆ ಬಂದ ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆಯ ಪ್ರವಾಸ ಕಥನವನ್ನು ಹಕ್ಲೂಟ್ ಸೊಸೈಟಿಯು 1892ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದೆ. ಅದು ಓದಲು ಬಹು ಸೊಗಸು. ಆದರೆ ಗೇಣಿಚೀಟಿಯನ್ನು ಬಿಡಿಸಲು ಅದರಿಂದ ನೆರವಾಗದು.

ಕಂಪೆನಿಯ ಆಡಳಿತವೆಂದರೆ ಭೂಮಿಗೆ ನೆಮ್ಮದಿ ಬಂದ ಕಾಲವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದೂ ಪೂರ್ತಿ ನಿಜವಲ್ಲ. 1819-20ರಲ್ಲಿ ಹ್ಯಾರಿಸ್ ಎಂಬ ಕಲೆಕ್ಟರನು ಹಿಂದಿನ ವರ್ಷಗಳ ವಸೂಲಿಯ ಸರಾಸರಿ ತೆಗೆದು 'ಠರಾವು' ತೀರ್ವೆಯನ್ನು ಗೊತ್ತುಪಡಿಸಿದನು. ಅದನ್ನು ಪೂರ್ತಿ ಕಟ್ಟಬಲ್ಲ ವರ್ಗಗಳು 'ಭರ್ತಿ' ಎನಿಸಿದವು, ಕಟ್ಟಲಾರದವು 'ಕಂಭರ್ತಿ' ಎನಿಸಿದವು. ಬೆಲೆಗಳು ಕುಸಿದಾಗ ಒಕ್ಕಲುಗಳು ತಡೆಯಲಾರದೆ 1830-31ರಲ್ಲಿ ಊರೂರುಗಳಲ್ಲಿ ಕೂಟ ಸೇರಿ ತೀರ್ವೆ ಕಟ್ಟಲೊಲ್ಲೆವೆಂದು ಅರ್ಜಿ ಬರೆದರು. ಕೂಟಗಳ ದಂಗೆಯೆಂದು ಹೆಸರಾದ ಈ ಪ್ರಸಂಗವನ್ನು ವಿಚಾರಿಸಿ ಸ್ಟೋಕ್ಸ್ ಎಂಬ ಅಧಿಕಾರಿಯು 1833ರಲ್ಲಿ ವರದಿ ಒಪ್ಪಿಸಿದನು. ಅದರ ತಿರುಳು ಸ್ಟರಕ್‌ನಲ್ಲಿದೆ. ಪ್ರತಿ ಗದ್ದೆಯನ್ನೂ ಸರಪಳಿ ಹಿಡಿದು ಅಳೆದು ಸರ್ವೆ ನಂಬ್ರ ಕೊಟ್ಟದ್ದು 19ನೆಯ ಶತಮಾನದ ಕೊನೆಯಲ್ಲಿ ಮಾತ್ರ. ಅಲ್ಲಿಯ ತನಕ ಭೂಮಿಯ ಗುರುತೆಂದರೆ ವರ್ಗದ ಹೆಸರು, ಮತ್ತು ಹಲಸಿನ ಮರ, ತೋಡು, ಕಲ್ಲು ಎಂದು ಹೇಳುವ ಚಕ್ಕುಬಂದಿ. ವರ್ಗವೆಂದರೆ ಮೂಲತಃ ಲೆಕ್ಕಪುಸ್ತಕದ ಒಂದು ಹಾಳೆಯೆಂಬ ವಿವರಣೆಯನ್ನು ಓದಿದ ಸಂಜೆ ನಾವು ಮೂವರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ತಲೆತಲಾಂತರದಿಂದ ನಮ್ಮವರು ಯಾವುದಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಸವೆಸಿದರೋ ಅದರ ಹೆಸರು ಒಂದು ಹಾಳೆ!

ಇಷ್ಟಾದ ಮೇಲೆ ನಮ್ಮ ಚೀಟಿ ತಾನಾಗಿ ಬಾಯಿಬಿಟ್ಟಿತು. ಗೇಣಿಯಲ್ಲಿ ಮುಖ್ಯವಾಗಿ ಎರಡು ಬಗೆ. ಚಾಲಗೇಣಿಯವನನ್ನು ಒಡೆಯನು ಅವಧಿ ತೀರಿದೊಡನೆ ಏಳಿಸಬಹುದಿತ್ತು, ಗೇಣಿಯನ್ನೂ ಏರಿಸಬಹುದಿತ್ತು. ಮೂಲಗೇಣಿಯವನು ಹಾಗಲ್ಲ. ಆರಂಭದಲ್ಲಿ ಕಾಣಿಕೆ ಕೊಟ್ಟು, ಗೊತ್ತುಪಡಿಸಿದ ಗೇಣಿಯನ್ನು ಸಲ್ಲಿಸುತ್ತಿರುವ ತನಕ ಅವನನ್ನೂ ಅವನ ಸಂತತಿಯನ್ನೂ ಏಳಿಸಲಾಗದು, ಗೇಣಿಯನ್ನು ಏರಿಸಲೂ ಆಗದು. ಆ ಹಕ್ಕು ಆಸ್ತಿಗೆ ಸಮಾನ. ನಮ್ಮ ಊರಿನ ಕ್ರೈಸ್ತ ಮನೆತನದವರು ಕಷ್ಟಪಟ್ಟು ಗಳಿಸಿದ್ದ ಇಂಥ ಹಕ್ಕನ್ನು ಇಗರ್ಜಿಗೆ ಧಾರೆಯೆರೆದರು. ಅವರ ತ್ಯಾಗ ಇದರಿಂದ ಎಳ್ಳಷ್ಟೂ ಕಡಿಮೆಯಾಗದು. ಆದರೆ ಮೇಲಿನ ಒಡೆತನವುಳ್ಳ ಗುತ್ತಿನ ಮನೆಯವರು, ಅನ್ಯಧರ್ಮದ ದೇವಾಲಯವೊಂದು ತಮ್ಮ ವರ್ಗದಲ್ಲಿ ಏಳುವುದಕ್ಕೆ ರುಜು ಹಾಕಿ ಒಪ್ಪಿಗೆ ಕೊಟ್ಟದ್ದೂ ಅಷ್ಟೇ ನಿಜ. ನೂರು ವರ್ಷಗಳಲ್ಲಿ ನಾವು ಒಂದು ಹೆಸರನ್ನು ಕಲ್ಲಿನಲ್ಲಿ ಕೊರೆದು, ಇನ್ನೊಂದನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೆವು.

ಈ ಸಂಗತಿಯನ್ನು ಸಮಿತಿಯ ಮುಂದಿಟ್ಟಾಗ ಮಾತು ಬಿಸಿಯಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ದಾನಿಗಳ ಮನೆತನದ ಹಿರಿಯರೊಬ್ಬರು ನೊಂದುಕೊಂಡರು. ಅಜ್ಜನ ಪುಣ್ಯವನ್ನು ಪುಸ್ತಕ ತಂದು ಅಳೆಯುತ್ತೀರಾ ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಗೇಣಿಯ ಮಾತೆಂದರೆ ನಮ್ಮ ಧರ್ಮಕೇಂದ್ರದಲ್ಲಿ ಬರಿಯ ಹಳೆಯ ಮಾತಲ್ಲ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಉಳುವವನು ಒಡೆಯನಾದಾಗ, ಇದೇ ಇಗರ್ಜಿಯ ಬೆಂಚುಗಳಲ್ಲಿ ಭೂಮಿ ಕಳೆದುಕೊಂಡವರೂ ಭೂಮಿ ಪಡೆದವರೂ ಪಕ್ಕಪಕ್ಕದಲ್ಲಿ ಮೊಣಕಾಲೂರಿದ್ದರು. ಡಿಕ್ಲರೇಶನ್ ಕೊಟ್ಟ ಒಕ್ಕಲಿಗೂ ಒಡೆಯನಿಗೂ ಎಷ್ಟೋ ವರ್ಷ ಮಾತಿರಲಿಲ್ಲ. ಇನ್ನು ಚೀಟಿಗಳ ಉಪಯೋಗವೇನೆಂದು ಆ ದಿನಗಳಲ್ಲಿ ಮನೆಮನೆಯ ಕಾಗದಗಳು ಬಚ್ಚಲೊಲೆಗೆ ಹೋದವು. ಆದರೆ ಪಟ್ಟಣದ ಮನೆನಿವೇಶನಗಳ ಮೂಲಗೇಣಿ ಹಾಗೆಯೇ ಉಳಿಯಿತು. ಅದರ ಒಕ್ಕಲುಗಳಿಗೆ ಒಡೆತನ ಕೊಡುವುದಕ್ಕೆಂದೇ 2011ನೆಯ ಇಸವಿಯ ಹೆಸರು ಹೊತ್ತ ಪ್ರತ್ಯೇಕ ಕಾಯಿದೆಯೊಂದನ್ನು ಕರ್ನಾಟಕ ಸರ್ಕಾರ ಮಾಡಬೇಕಾಯಿತು. ಸುಟ್ಟ ಚೀಟಿಗಳನ್ನು ಆಗ ಎಲ್ಲರೂ ಹುಡುಕಿದರು.

ಕರಾರಿನ ಹುಳು ತಿಂದ ಸಾಲುಗಳ ವಿಷಯ ಬಾಕಿಯಿದೆ. ಇಂಥ ಕರಾರುಗಳಲ್ಲಿ ಒಕ್ಕಲು ಬರೆದುಕೊಟ್ಟ ಪ್ರತಿ ಒಡೆಯನ ಮನೆಯಲ್ಲಿಯೂ, ಒಡೆಯನು ಬರೆದುಕೊಟ್ಟದ್ದು ಒಕ್ಕಲಿನ ಮನೆಯಲ್ಲಿಯೂ ಇರುವ ವಾಡಿಕೆಯುಂಟೆಂದು ನಮ್ಮ ಸ್ಟರಕ್‌ನ ಅಂಚಿನಲ್ಲಿ ಆ ಅಜ್ಞಾತ ವಕೀಲರು ಬರೆದಿದ್ದರು. ಅದನ್ನು ನಂಬಿ ಗುತ್ತಿನ ಮನೆಗೆ ಹೋದೆವು. ಮನೆಯ ಯಜಮಾನರು ಬೆಲ್ಲ, ನೀರು ಕೊಟ್ಟು ಕುಳ್ಳಿರಿಸಿದರು. ಹಿತ್ತಾಳೆಯ ಹಂಡೆಯೊಳಗೆ, ಕರ್ಪೂರವಿಟ್ಟು ಸುತ್ತಿದ ಮುಂಡಿನ ಗಂಟಿನಲ್ಲಿ, ನಮ್ಮ ಇಗರ್ಜಿಯ ಮೊದಲ ವಿಗಾರರ ರುಜುವುಳ್ಳ ಪ್ರತಿ ಇತ್ತು. ಒಂದಕ್ಷರ ಅಳಿಸಿರಲಿಲ್ಲ. ಅದರಲ್ಲಿ, ಇಗರ್ಜಿಯ ಉತ್ತರ ಬದಿಯ ಕಾಲುದಾರಿಯನ್ನು ಗದ್ದೆಗೆ ಹೋಗುವ ಒಕ್ಕಲುಗಳಿಗೂ, ವರ್ಷಕ್ಕೊಮ್ಮೆ ನೇಮದ ದಿನ ದೈವದ ಭಂಡಾರ ಹೋಗುವುದಕ್ಕೂ ಎಂದೆಂದಿಗೂ ತೆರೆದಿಡತಕ್ಕದ್ದು ಎಂದು ಬರೆದಿತ್ತು.

ಶತಮಾನೋತ್ಸವದ ಯೋಜನೆಯಲ್ಲಿ ಆ ಉತ್ತರ ಬದಿಗೆ ಆವರಣಗೋಡೆ ಕಟ್ಟಲು ತೀರ್ಮಾನವಾಗಿ, ಕಲ್ಲು ಬಂದು ಬಿದ್ದಿತ್ತು. ದಾರಿ ಬರಿಯ ರೂಢಿಯಿಂದ ಆದದ್ದೆಂದೇ ನಾವೆಲ್ಲರೂ ತಿಳಿದಿದ್ದೆವು. ಪತ್ರದ ನಕಲನ್ನು ಧರ್ಮಗುರುಗಳಿಗೆ ಒಪ್ಪಿಸಿದೆವು. ಅವರು ಎರಡು ಬಾರಿ ಓದಿ, ನಕ್ಷೆಯನ್ನು ತರಿಸಿದರು. ನೊಂದುಕೊಂಡಿದ್ದ ಆ ಹಿರಿಯರೇ ಮುಂದಿನ ಸಭೆಯಲ್ಲಿ ಎದ್ದು, ಅಜ್ಜ ಒಪ್ಪಿ ರುಜು ಹಾಕಿದ ಮಾತಿಗೆ ತಾವು ಅಡ್ಡಬರುವುದಿಲ್ಲವೆಂದರು. ಪತ್ರದಲ್ಲಿ ಸಾಕ್ಷಿಯಾಗಿ ಅವರ ಅಜ್ಜನ ಹೆಸರೂ ಇತ್ತು.

ಗೋಡೆ ಈಗ ಕಟ್ಟಿ ಮುಗಿದಿದೆ. ಉತ್ತರ ಬದಿಯಲ್ಲಿ ಆರು ಅಡಿ ಅಗಲದ ತೆರಪು ಬಿಟ್ಟಿದ್ದಾರೆ, ಅದಕ್ಕೆ ಬಾಗಿಲಿಟ್ಟಿಲ್ಲ. ಶಿಲಾಫಲಕವನ್ನು ಮುಟ್ಟಿಲ್ಲ. ಈ ಸಂಚಿಕೆಯಲ್ಲಿ ಬೇರೆ ಕಡೆ ಅಚ್ಚಾಗಿರುವ ಚರಿತ್ರೆಯಲ್ಲಿ ಎರಡು ಮನೆತನಗಳ ವಿಷಯವೂ ಬಂದಿದೆ. ಪುಸ್ತಕಗಳನ್ನು ಶಾಲೆಯ ಮೇಲುಕೋಣೆಯ ಉಕ್ಕಿನ ಕಪಾಟಿನಲ್ಲಿ, ಬೇವಿನ ಸೊಪ್ಪು ಹಾಕಿ ಇರಿಸಿದೆ. ಆದಿತ್ಯವಾರ ಎರಡನೆಯ ಪೂಜೆಯ ಅನಂತರ ಯಾರು ಬಂದರೂ ನೋಡಬಹುದು. ಸ್ಟರಕ್‌ನ ಮೊದಲನೆಯ ಸಂಪುಟದ ಕೊನೆಯ ಪುಟಗಳೂ, ಬುಕಾನನ್‌ನ 1870ರ ಮುದ್ರಣದ ಒಂದನೆಯ ಸಂಪುಟವೂ ಇನ್ನೂ ದೊರೆಯಬೇಕಾಗಿದೆ. ಯಾರ ಅಟ್ಟದಲ್ಲಾದರೂ ಇದ್ದರೆ ಗುಜರಿಯವನಿಗಿಂತ ಮೊದಲು ನಮಗೊಂದು ಮಾತು ತಿಳಿಸುವ ಕೃಪೆ ಮಾಡಬೇಕು.